ಸಿದ್ಧಾಂತ ಯಾಕೆ ಬೇಕು? ಯೇಸು ಯಾರು ಎಂಬಲ್ಲಿಂದ ಶುರು ಮಾಡೋಣ

ಬೀದರಿನ ನಮ್ಮ ಭಾನುವಾರದ ಅಧ್ಯಯನ ಗುಂಪಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: ಯೇಸುವನ್ನು ನಂಬಿದರೆ ಸಾಕಲ್ವಾ, ಸಿದ್ಧಾಂತ ಯಾಕೆ? ನಮ್ಮದು ಶರಣರ ನೆಲ. "ನಿಮ್ಮ ಯೇಸುನೂ ಒಬ್ಬ ದೊಡ್ಡ ಶರಣರೇ ರೀ" ಎಂದು ಪಕ್ಕದ ಮನೆಯವರು ಪ್ರೀತಿಯಿಂದ ಹೇಳುತ್ತಾರೆ. ಮುಸ್ಲಿಂ ಗೆಳೆಯರು ಈಸಾ ಎಂಬ ಪ್ರವಾದಿಯೆಂದು ಗೌರವಿಸುತ್ತಾರೆ. ನಾವು ಏನೆನ್ನುತ್ತೇವೆ? ಉತ್ತರ ಕೊಡಲು ಹೊರಟರೆ ಅದೇ ಸಿದ್ಧಾಂತ.

ಸಭೆ, ಅಂದರೆ ಚರ್ಚ್, ಒಟ್ಟಾಗಿ ನಂಬಿ ಕಲಿಸುವ ಮಾತೇ ಸಿದ್ಧಾಂತ. ಅಪೊಸ್ತಲ ಪೌಲನು ಬೈಬಲಿನ 1 ಕೊರಿಂಥ 15ರಲ್ಲಿ, ತಾನು ಪಡೆದದ್ದನ್ನೇ ನಿಮಗೆ ಒಪ್ಪಿಸಿದೆ ಎನ್ನುತ್ತಾನೆ: ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು, ಅವನನ್ನು ಹೂಣಿಟ್ಟರು, ಮೂರನೇ ದಿನ ಎದ್ದನು.

ಈಗ ಅರಿಯಸ್‌ನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಾಲ್ಕನೇ ಶತಮಾನದ ಆರಂಭದಲ್ಲಿ ಅಲೆಕ್ಸಾಂಡ್ರಿಯದ ಈ ಸಭಾಹಿರಿಯ, ಮಗನೂ (ಅಂದರೆ ಯೇಸುವೂ) ಸೃಷ್ಟಿಯಾದವನೇ, ಅವನು ಇಲ್ಲದ ಕಾಲವೂ ಇತ್ತು ಎಂದು ಕಲಿಸಿದ. ಆದರೆ ಸಭೆ ಆಗಲೇ ಯೇಸುವನ್ನು ಆರಾಧಿಸುತ್ತಿತ್ತು. ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಕೊಡುತ್ತಿತ್ತು. ಅರಿಯಸ್ ಹೇಳಿದ್ದು ನಿಜವಾದರೆ ಆ ಆರಾಧನೆ ಸೃಷ್ಟಿಗೆ ಸಂದಂತೆ. ಸೃಷ್ಟಿಯಾದವನು ನಮ್ಮನ್ನು ದೇವರೊಂದಿಗೆ ಸೇರಿಸಲಾರ ಎಂದು, ಮುಂದೆ ಅಲೆಕ್ಸಾಂಡ್ರಿಯದ ಬಿಷಪ್ ಆದ ಅಥನಾಸಿಯಸ್ ಪಟ್ಟು ಹಿಡಿದ. ಅದಕ್ಕಾಗಿ ಐದು ಸಲ ಗಡೀಪಾರಾದ. 325ರಲ್ಲಿ ಬಿಷಪ್ಪರು ಸೇರಿದ್ದ ನೈಸಿಯಾ ಮಹಾಸಭೆ, ತಂದೆ ಯಾವ ಸ್ವರೂಪದವನೋ ಮಗನೂ ಅದೇ ಸ್ವರೂಪದವನು ಎಂದು ತೀರ್ಮಾನಿಸಿತು. ಅಂದರೆ, ಜನ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದದ್ದನ್ನೇ ಅದು ಮಾತಿನಲ್ಲಿ ಕಾಪಾಡಿತು. ನನಗಂತೂ ಸಿದ್ಧಾಂತದ ಬೆಲೆ ತಿಳಿದದ್ದು ಇಲ್ಲೇ.

ಅರಿಯಸ್ ತನ್ನ ಬೋಧನೆಯನ್ನು ಪದ್ಯವಾಗಿಯೂ ಹರಡಿದ. ನಾವೂ ತೆಲುಗು, ಹಿಂದಿಯಿಂದ ಬಂದ ಹಾಡುಗಳನ್ನು ರಾಗಕ್ಕೆ ಮನಸೋತು ಸುಮ್ನೆ ಹಾಡಿಬಿಡುತ್ತೇವೆ. ಈ ಹಾಡು ಯೇಸುವನ್ನು ಯಾರೆನ್ನುತ್ತದೆ ಎಂದು ಒಮ್ಮೆ ಕೇಳಿಕೊಳ್ಳಿ.

ಎಲ್ಲ ಸಿದ್ಧಾಂತಕ್ಕೂ ಒಂದೇ ತೂಕವಿಲ್ಲ. ಮೆಥಡಿಸ್ಟರು ಮಕ್ಕಳಿಗೂ ದೀಕ್ಷಾಸ್ನಾನ ಕೊಡುತ್ತಾರೆ, ಪೆಂತೆಕೋಸ್ತ್ ಸಭೆಗಳು ಸಾಮಾನ್ಯವಾಗಿ ಕೊಡುವುದಿಲ್ಲ. ಇದು ಮುಖ್ಯವೇ, ಆದರೆ ಕ್ರಿಸ್ತನು ಯಾರು ಎಂಬುದರಷ್ಟು ಅಲ್ಲ. ಇನ್ನು, ಬರೀ ಸಿದ್ಧಾಂತ ಗೊತ್ತಿದ್ದರೆ ವಿಶ್ವಾಸವಾಗದು. ದೇವರು ಒಬ್ಬನೇ ಎಂದು ದೆವ್ವಗಳೂ ನಂಬಿ ನಡುಗುತ್ತವೆ (ಯಾಕೋಬ 2:19).

ಮುಂದಿನ ಭಾನುವಾರಕ್ಕೆ ಫಿಲಿಪ್ಪಿ 2:6-11 ಓದಿ. ಪಕ್ಕದಲ್ಲಿ ನೈಸಿಯಾ ವಿಶ್ವಾಸ ಪ್ರಮಾಣ ಇಟ್ಟುಕೊಳ್ಳಿ. ಅರಿಯಸ್‌ಗೆ ಉತ್ತರವಾಗಿರುವ ಸಾಲುಗಳ ಕೆಳಗೆ ಗೆರೆ ಎಳೆದು ತನ್ನಿ.