ನೋವಿಲ್ಲದ ದಿನವೂ ಮೈಗ್ರೇನ್ ಮಾತ್ರೆ ನುಂಗಬೇಕೇ?

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ತಿಂಗಳಿಗೆ ಎಂಟು ದಿನವಾದರೂ ಅರ್ಧ ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ. ನೋವಿನ ಮಾತ್ರೆಗೆ ಇಳಿಯುತ್ತದೆ. ಈಗ ಡಾಕ್ಟರು ದಿನವೂ ಪ್ರೊಪ್ರನೊಲಾಲ್ ತೆಗೆದುಕೊಳ್ಳಲು ಬರೆದುಕೊಟ್ಟಿದ್ದಾರೆ. ನೋವಿಲ್ಲದ ದಿನ ಯಾಕೆ ನುಂಗಬೇಕು? ಹಣವೂ ದಂಡ, ಮೈಗೂ ಕೆಡುಕಲ್ಲವೇ?

ಉತ್ತರ: ಗದುಗಿನಲ್ಲಿ ಔಷಧ ಅಂಗಡಿ ನಡೆಸುವ ನನಗೆ ಈ ಪ್ರಶ್ನೆ ಹೊಸದಲ್ಲ. ಮೊನ್ನೆ ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿ ಖಾಲಿ ಸ್ಟ್ರಿಪ್ ಒಂದನ್ನು ಕೌಂಟರಿನ ಮೇಲಿಟ್ಟು, 'ಇವೇ ಹತ್ತು ಕೊಡಿ' ಎಂದರು. ಹೆಸರಿದ್ದ ತುದಿ ಹರಿದುಹೋಗಿತ್ತು. ಎಷ್ಟು ದಿನಕ್ಕೆ ಎಂದು ಕೇಳಿದೆ. 'ವಾರಕ್ಕೆ' ಎಂದರು.

ನನಗೆ ಭಯವಾಗುವುದು ಇಂಥ ಕಡೆಯೇ. ಪ್ಯಾರಸಿಟಮಾಲ್, ಐಬುಪ್ರೊಫೆನ್‌ನಂಥ ಸಾದಾ ಮಾತ್ರೆಗಳನ್ನು ತಿಂಗಳಿಗೆ 15 ದಿನ, ಮೈಗ್ರೇನ್ ನೋವಿಗೆಂದೇ ಇರುವ ಟ್ರಿಪ್ಟಾನ್ ಅಥವಾ ಕೆಫೀನ್ ಬೆರೆತ ಮಿಶ್ರ ಮಾತ್ರೆಗಳನ್ನು 10 ದಿನ ಮುಟ್ಟುವಷ್ಟು ಮೂರು ತಿಂಗಳಿಗೂ ಮೀರಿ ನುಂಗುತ್ತ ಹೋದರೆ, ಮಾತ್ರೆಯಿಂದಲೇ ತಲೆನೋವು ಹುಟ್ಟಬಹುದು. ಅದನ್ನು ಇಳಿಸಲು ಮತ್ತೊಂದು ಮಾತ್ರೆ ಬೇಕಾಗುತ್ತದೆ. ಎಂಟು ದಿನದ ನೀವು ಆ ಗೆರೆಯಿಂದ ಬಹಳ ದೂರವಿಲ್ಲ. ತಿಂಗಳಿಗೆ ನಾಲ್ಕು ದಿನಕ್ಕಿಂತ ಹೆಚ್ಚು ನೋವು ಕಾಡಿದರೆ ಪ್ರೊಪ್ರನೊಲಾಲ್‌ನಂಥ, ನೋವು ಬರುವ ಮುನ್ನವೇ ತಡೆಯಲು ದಿನವೂ ನುಂಗುವ ಔಷಧದ ಯೋಚನೆ ಮಾಡುವುದು ವೈದ್ಯರ ವಾಡಿಕೆ. ನಿಮ್ಮ ಡಾಕ್ಟರು ಸರಿಯಾದ ಹೊತ್ತಿಗೇ ಬರೆದಿದ್ದಾರೆ.

ಇನ್ನು ಜಮಾ-ಖರ್ಚು. ಈ ಮಾತ್ರೆ ಮೈಗ್ರೇನನ್ನು ಬೇರುಸಹಿತ ಕೀಳುವುದಿಲ್ಲ. ಎಂಟು ದಿನ ನಾಲ್ಕಕ್ಕೆ ಇಳಿದರೆ ಅದನ್ನೇ ಗೆಲುವೆಂದು ಎಣಿಸುತ್ತಾರೆ. ಅದಕ್ಕೂ ಎರಡು-ಮೂರು ತಿಂಗಳು ಕಾಯಬೇಕು. ಹದಿನೈದು ದಿನ ನುಂಗಿ 'ಗುಣ ಕಾಣಲಿಲ್ಲ' ಎಂದು ಬಿಡುವವರೇ ಹೆಚ್ಚು. ಪ್ರೊಪ್ರನೊಲಾಲ್ ಹಳೆಯ ಔಷಧ, ಜನೌಷಧಿ ಕೇಂದ್ರದಲ್ಲಿ ಕೇಳಿದರೆ ಖರ್ಚು ಇನ್ನೂ ಇಳಿಯುತ್ತದೆ. ಅದರ ಎದುರಿಗೆ ತಪ್ಪಿದ ನಾಲ್ಕು ದಿನದ ಪಗಾರವನ್ನು ಬರೆದು ನೋಡಿ.

ಮೈಗೆ ಬೀಳುವ ಖರ್ಚೂ ಇದೆ. ಸುಸ್ತು, ಕೈಕಾಲು ತಣ್ಣಗಾಗುವುದು, ನಾಡಿ ನಿಧಾನವಾಗುವುದು. ನಿಮ್ಮ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಮೆಣಸಿನ ಘಾಟಿಗೆ ಯಾರಾದರೂ ಕೆಮ್ಮುತ್ತಾರೆ. ಆದರೆ ನಿಮಗೆ ಉಬ್ಬಸವಿದ್ದರೆ, ಎಂದಾದರೂ ಇನ್‌ಹೇಲರ್ ಬಳಸಿದ್ದರೆ, ಮೊದಲ ಮಾತ್ರೆ ನುಂಗುವ ಮುನ್ನವೇ ವೈದ್ಯರಿಗೆ ತಿಳಿಸಿ. ಪ್ರೊಪ್ರನೊಲಾಲ್ ಉಸಿರಿನ ನಾಳಗಳನ್ನು ಬಿಗಿಯಬಲ್ಲದು. ಶುರು ಮಾಡಿದ ಮೇಲೆ ತಟ್ಟನೆ ನಿಲ್ಲಿಸಲೂಬಾರದು.

ಅದು ಒಗ್ಗದಿದ್ದರೆ ಬೇರೆ ದಾರಿಗಳಿವೆ. ಅಮಿಟ್ರಿಪ್ಟಿಲಿನ್ ನಿದ್ದೆ ತರುತ್ತದೆ, ಬಾಯಿ ಒಣಗಿಸುತ್ತದೆ, ತೂಕವನ್ನೂ ಏರಿಸಬಹುದು. ಟೋಪಿರಮೇಟ್ ತೂಕ ಇಳಿಸುತ್ತದೆ; ಬೆರಳು ಜುಮ್ಮೆನ್ನುತ್ತವೆ, ಆಡುವ ಮಾತು ತಡವರಿಸಬಹುದು. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳು ಟೋಪಿರಮೇಟ್, ಮೈಗ್ರೇನ್ ತಡೆಯಲು ಕೊಡುವ ಇನ್ನೊಂದು ಔಷಧ ವಾಲ್‌ಪ್ರೊಯೇಟ್ ಎರಡರ ಬಗ್ಗೆಯೂ ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಹೊಟ್ಟೆಯಲ್ಲಿರುವ ಕೂಸಿಗೆ ಅಪಾಯ.

ಒಮ್ಮೆಲೇ ಎಂದೂ ಕಾಣದಷ್ಟು ತಲೆ ಸಿಡಿದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಯಾವ ಮಾತ್ರೆಗೂ ಕಾಯದೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಅಂಥ ದೊಡ್ಡ ಆಸ್ಪತ್ರೆಗೆ ಹೊರಡಿ.

ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ನೋವಿನ ದಿನಕ್ಕೊಂದು ಗೀಟು, ನೋವಿನ ಮಾತ್ರೆಗೊಂದು ಸೊನ್ನೆ ಹಾಕುತ್ತ ಬನ್ನಿ. ಮೂರು ತಿಂಗಳಾದ ಮೇಲೆ ಆ ಹಾಳೆಗಳನ್ನು ಮಡಚಿಕೊಂಡು ಡಾಕ್ಟರ ಬಳಿಗೆ ಹೋಗಿ. ಮಾತ್ರೆ ಮುಂದುವರಿಸುವುದೋ ಬದಲಿಸುವುದೋ, ಇಬ್ಬರೂ ಕೂಡಿ ಅದನ್ನು ನೋಡಿಯೇ ಗೊತ್ತು ಮಾಡಬಹುದು.