ಹಲೋ ಯಾರ ಹೆಸರೂ ಅಲ್ಲ

ಮಾರ್ಗರೆಟ್ ಹಲೋ ಮತ್ತೆ ಬಂದಿದ್ದಾಳೆ. ಈ ಸಲ ಮಕ್ಕಳಿಗೆಂದು ಹಂಚಿದ ಸಾಮಾನ್ಯ ಜ್ಞಾನದ ಪಟ್ಟಿಯಲ್ಲಿ. ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್ ಅವರ ಪ್ರೇಯಸಿಯ ಹೆಸರು ಮಾರ್ಗರೆಟ್ ಹಲೋ, ಫೋನಿನಲ್ಲಿ ಅವರು ಮೊದಲು ಕರೆದದ್ದು ಅವಳನ್ನೇ, ಅಂದಿನಿಂದ ನಾವೆಲ್ಲ ಅವಳ ಹೆಸರು ಹೇಳುತ್ತಿದ್ದೇವೆ ಅನ್ನುವ ಕತೆ ನಿಮಗೂ ಬಂದಿರುತ್ತದೆ. ಪೂರ್ತಿ ಸುಳ್ಳು. ಅಂಥವಳು ಇರಲೇ ಇಲ್ಲ. ಸುಳ್ಳು ಅನ್ನುವುದಕ್ಕಿಂತ ನನಗೆ ಜಾಸ್ತಿ ಬೇಸರ ತರುವುದು ಇನ್ನೊಂದು. ಈ ಕತೆ ನಿಜವಾಗಿ ಬದುಕಿದ್ದ ಒಬ್ಬ ಹೆಂಗಸನ್ನು ಅಳಿಸಿಹಾಕುತ್ತದೆ.

ಬೆಲ್ ಪ್ರೀತಿಸಿದ್ದು ಮೇಬಲ್ ಹಬ್ಬರ್ಡ್ ಅವರನ್ನು. 1875ರಲ್ಲಿ ನಿಶ್ಚಿತಾರ್ಥ, 1877ರ ಜುಲೈ 11ಕ್ಕೆ ಮದುವೆ. ಟೆಲಿಫೋನ್ ಹುಟ್ಟಿದ್ದು ಇವೆರಡರ ನಡುವೆ, 1876ರಲ್ಲಿ. ಮೇಬಲ್ ಅವರಿಗೆ ಐದನೇ ವಯಸ್ಸಿನಲ್ಲಿ ಸ್ಕಾರ್ಲೆಟ್ ಜ್ವರ ಬಂದು ಕಿವಿ ಹೋಗಿತ್ತು. ಎದುರಿನವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರು. ಬೆಲ್ ಕಿವುಡರಿಗೆ ಮಾತು ಕಲಿಸುವ ಮೇಷ್ಟ್ರು, ಮೇಬಲ್ ಅವರಲ್ಲಿ ಕಲಿಯಲು ಬಂದವರು. ಅಂದಮೇಲೆ ಪ್ರೇಯಸಿಗೆ ಫೋನ್ ಮಾಡಿ ಕರೆಯುವ ಮಾತೇ ಬರುವುದಿಲ್ಲ. 1876ರ ಮಾರ್ಚ್ 10ರಂದು ಬೆಲ್ ಕರೆದದ್ದು ತಮ್ಮ ಸಹಾಯಕನನ್ನು: ‘ಮಿಸ್ಟರ್ ವಾಟ್ಸನ್, ಇಲ್ಲಿ ಬನ್ನಿ, ನಿಮ್ಮನ್ನು ನೋಡಬೇಕು.’ ಅದರಲ್ಲಿ ಹಲೋ ಇಲ್ಲ. ಮದುವೆಯಾದಾಗ ಬೆಲ್ ತಮ್ಮ ಕಂಪನಿಯ ಷೇರುಗಳಲ್ಲಿ 10 ಮಾತ್ರ ಇಟ್ಟುಕೊಂಡು ಉಳಿದದ್ದನ್ನೆಲ್ಲ ಹೆಂಡತಿಗೆ ಕೊಟ್ಟರು. ಪ್ರೇಮಕತೆ ಬೇಕಿದ್ದವರು ಇದನ್ನೇ ಹಂಚಬಹುದಲ್ವಾ?

ಇನ್ನೊಂದು ಸರಳ ಪರೀಕ್ಷೆ ಇದೆ. ಹಲೋ ಅನ್ನುವ ಪದ 1820ರ ದಶಕದಲ್ಲೇ ಅಮೆರಿಕದ ಪತ್ರಿಕೆಗಳಲ್ಲಿ ಅಚ್ಚಾಗಿದೆ. ಬೆಲ್ ಹುಟ್ಟಿದ್ದು 1847ರಲ್ಲಿ.

ಹಾಗಾದರೆ ಪದ ಬಂದದ್ದು ಎಲ್ಲಿಂದ? ಕೂಗಿನಿಂದ. ಇಂಗ್ಲಿಷಿನಲ್ಲಿ ಹಲೋಗೂ ಮುಂಚೆ ಹಾಲೋ, ಹೊಲ್ಲೋ, ಹೊಲ್ಲಾ ಎಂಬ ರೂಪಗಳಿದ್ದವು. ಬೇಟೆಗಾರರು ನಾಯಿಗಳನ್ನು ಹುರಿದುಂಬಿಸಲು, ದೂರ ಇದ್ದವರನ್ನು ನಿಲ್ಲಿಸಲು, ಗದ್ದಲದಲ್ಲಿ ಗಮನ ಸೆಳೆಯಲು ಕೂಗುತ್ತಿದ್ದ ಪದಗಳು ಇವು. ನಿಘಂಟುಕಾರರು ಇನ್ನೂ ಹಿಂದೆ ಹೋಗಿ ಹಳೆಯ ಜರ್ಮನ್ ಭಾಷೆಯ ಒಂದು ಕ್ರಿಯಾಪದವನ್ನು ತೋರಿಸುತ್ತಾರೆ. ಅದರ ಅರ್ಥ ‘ತಾ’, ‘ಕರೆದುಕೊಂಡು ಹೋಗು’. ಹೊಳೆಯ ಆಚೆ ದಡದಲ್ಲಿರುವ ದೋಣಿಯವನನ್ನು ಕರೆಯಲು ಅದನ್ನು ಕೂಗುತ್ತಿದ್ದರಂತೆ. ಈಚೆ ದಡದಲ್ಲಿ ನಿಂತು ಕೈಬಾಯಿ ಕೂಡಿಸಿ ‘ಓಯ್ ಅಂಬಿಗಾ’ ಎಂದು ಕೂಗುವುದನ್ನು ನೆನೆಸಿಕೊಳ್ಳಿ. ಹಲೋ ಹುಟ್ಟಿದ್ದು ಅಂಥ ಕಡೆ. ಅದರಲ್ಲಿ ವಂದನೆ ಇಲ್ಲ, ಕ್ಷೇಮ ವಿಚಾರಣೆ ಇಲ್ಲ. ‘ನಾನು ಇಲ್ಲಿದ್ದೇನೆ, ಈ ಕಡೆ ನೋಡು’ ಅನ್ನುವುದಷ್ಟೇ ಇದೆ.

ಕೂಗುವ ಪದ ಫೋನಿಗೆ ಬಂದದ್ದು ಏಕೆ ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಶುರುವಿನ ಫೋನುಗಳಿಗೆ ಗಂಟೆ ಇರಲಿಲ್ಲ. ಎರಡು ಕಚೇರಿಗಳ ನಡುವೆ ಒಂದು ತಂತಿ, ಅದು ಯಾವಾಗಲೂ ತೆರೆದೇ ಇರುತ್ತಿತ್ತು. ಆ ಕಡೆಯವರು ಮೇಜು ಬಿಟ್ಟು ದೂರ ಇದ್ದರೆ ಅವರನ್ನು ಕರೆಯುವುದು ಹೇಗೆ? ಗಂಟೆಯ ಅಗತ್ಯವೇ ಇಲ್ಲ ಎಂದರು ಥಾಮಸ್ ಎಡಿಸನ್. 1877ರ ಆಗಸ್ಟ್ 15ರಂದು ಪಿಟ್ಸ್‌ಬರ್ಗಿನ ಟೆಲಿಗ್ರಾಫ್ ಕಂಪನಿಯ ಅಧ್ಯಕ್ಷರಿಗೆ ಬರೆದ ಕಾಗದದಲ್ಲಿ, ಹಲೋ ಅಂದರೆ 10ರಿಂದ 20 ಅಡಿ ದೂರಕ್ಕೂ ಕೇಳಿಸುತ್ತದೆ, ಅಷ್ಟು ಸಾಕು ಎಂಬರ್ಥದ ಮಾತು ಬರೆದಿದ್ದಾರೆ. ಬೆಲ್ ಅವರಿಗೆ ಹಿಡಿಸಿದ್ದು ‘ಅಹೋಯ್’. ಹಡಗಿನವರು ಇನ್ನೊಂದು ಹಡಗನ್ನು ಕೂಗಿ ಕರೆಯುವ ಪದ ಅದು. ನೋಡಿ, ಇಬ್ಬರೂ ಹುಡುಕುತ್ತಿದ್ದದ್ದು ದೂರಕ್ಕೆ ಕೇಳಿಸುವ ಒಂದು ಕೂಗನ್ನು. ಗೆದ್ದದ್ದು ಹಲೋ. 1878ರಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಿನಲ್ಲಿ ಬಂದ ಟೆಲಿಫೋನ್ ಡೈರೆಕ್ಟರಿಯಲ್ಲಿ ‘ಹಲ್ಲೋವಾ’ ಎಂದು ಮಾತು ಶುರು ಮಾಡಿ, ‘ಇಷ್ಟೇ’ ಎಂದು ಮುಗಿಸಿ ಅನ್ನುವ ಸೂಚನೆ ಇತ್ತು. ಮುಂದೆ ಎಕ್ಸ್‌ಚೇಂಜಿನಲ್ಲಿ ಕೂತು ಕರೆ ಜೋಡಿಸುತ್ತಿದ್ದ ಹೆಂಗಸರಿಗೆ ‘ಹಲೋ ಗರ್ಲ್ಸ್’ ಎಂಬ ಹೆಸರೇ ಬಿತ್ತು. ಫೋನಿನಲ್ಲಿ ದಿನವೂ ಬಳಸಿ ಬಳಸಿ ಅದು ಇಂಗ್ಲಿಷಿನಲ್ಲಿ ಎದುರಾಎದುರು ಸಿಕ್ಕಾಗಲೂ ಹೇಳುವ ಮಾತಾಯಿತು. ವಂದನೆಯ ಅರ್ಥ ಬಂದದ್ದು ಹೀಗೆ, ತಡವಾಗಿ.

ನಮ್ಮಲ್ಲಿ ‘ಹಲೋ ಅಂದರೆ ನಮಸ್ಕಾರ’ ಎಂದು ಕಲಿಸುವುದನ್ನು ನಾನು ಒಪ್ಪದಿರುವುದು ಇದಕ್ಕೇ. ಇಂಗ್ಲಿಷಿನವರು ಏನೇ ಮಾಡಿಕೊಳ್ಳಲಿ, ಕನ್ನಡದ ಹಲೋ ಇವತ್ತಿಗೂ ಕೂಗುವ ಪದವೇ. ನಾವು ಹೇಗೆ ಬಳಸುತ್ತೇವೆ ನೋಡಿ. ಬಸ್ಸಿನಲ್ಲಿ ‘ಹಲೋ, ಸ್ವಲ್ಪ ಮುಂದೆ ಹೋಗಿ’. ಲೈನ್ ಕಟ್ ಆಗುತ್ತಿದ್ದರೆ ‘ಹಲೋ, ಹಲೋ, ಕೇಳಿಸ್ತಾ ಇದ್ಯಾ?’. ಜಾತ್ರೆಯ ಪೆಂಡಾಲಿನಲ್ಲಿ ‘ಹಲೋ, ಮೈಕ್ ಟೆಸ್ಟಿಂಗ್’. ಜಗಳಕ್ಕೆ ನಿಂತಾಗ ‘ಹಲೋ, ಯಾರ ಹತ್ರ ಮಾತಾಡ್ತಿದ್ದೀರ?’. ಇವುಗಳಲ್ಲಿ ಒಂದು ಕಡೆಯಾದರೂ ನಮಸ್ಕಾರ ಹಾಕಿ ನೋಡಿ, ಕೂರುವುದಿಲ್ಲ. ನಮಸ್ಕಾರ ಅಂದರೆ ಬಾಗುವುದು, ಅದು ಎದುರಿನವರಿಗೆ ಕೊಡುವ ಗೌರವ. ಹೊರಡುವಾಗಲೂ ನಮಸ್ಕಾರ ಹೇಳಬಹುದು. ಹೊರಡುವಾಗ ಯಾರಾದರೂ ಹಲೋ ಅನ್ನುತ್ತಾರಾ? ಹಿರಿಯರು ಮನೆಗೆ ಬಂದಾಗ ‘ಹಲೋ’ ಅಂದರೆ ಅವರ ಮುಖ ಸ್ವಲ್ಪ ಸಪ್ಪಗಾಗುತ್ತದಲ್ಲ, ಅದಕ್ಕೆ ಅವರಿಗೆ ಇಂಗ್ಲಿಷ್ ಆಗುವುದಿಲ್ಲ ಎಂಬುದು ಕಾರಣವಲ್ಲ. ಅದು ಅವರ ಕಿವಿಗೆ ಕರೆದಂತೆ ಕೇಳಿಸುತ್ತದೆ, ಬರಮಾಡಿಕೊಂಡಂತೆ ಕೇಳಿಸುವುದಿಲ್ಲ.

ಫೋನಿನಲ್ಲಿ ‘ಹಲೋ, ನಮಸ್ಕಾರ’ ಅನ್ನುವವರನ್ನು ಆಡಿಕೊಳ್ಳುವವರಿದ್ದಾರೆ. ಒಂದೇ ಅರ್ಥದ ಎರಡು ಪದ ಯಾಕೆ, ಯಾವುದಾದರೂ ಒಂದು ಸಾಲದಾ ಅನ್ನುತ್ತಾರೆ. ಸಾಲದು. ಎರಡರ ಕೆಲಸ ಬೇರೆ ಬೇರೆ. ಹಲೋ ಅಂದಾಗ ಲೈನಿನಲ್ಲಿ ಮನುಷ್ಯ ಇದ್ದಾನೆ ಅಂತ ಖಾತ್ರಿಯಾಗುತ್ತದೆ. ಯಾರು ಅಂತ ಗೊತ್ತಾದ ಮೇಲೆ ನಮಸ್ಕಾರ. ಅದು ಚೆನ್ನಾದ ಕನ್ನಡ, ಬಿಡಬೇಡಿ. ಹಲೋಗೆ ಕನ್ನಡದ ಪದವೇ ಬೇಕು ಅನ್ನುವವರಿಗೂ ಒಂದು ಮಾತು. ನಮ್ಮಲ್ಲಿ ದೂರದಿಂದ ಯಾರಾದರೂ ಹೆಸರು ಹಿಡಿದು ಕರೆದರೆ ‘ಓ’ ಎಂದು ದನಿ ಕೊಡುತ್ತಿದ್ದೆವು. ಓಗೊಡುವುದು ಅನ್ನುವುದು ಅದನ್ನೇ. ಹಲೋಗೆ ಹತ್ತಿರದ ನೆಂಟ ಯಾರಾದರೂ ಇದ್ದರೆ ಈ ‘ಓ’. ಒಂದೇ ವ್ಯತ್ಯಾಸ, ‘ಓ’ ಉತ್ತರಕ್ಕೆ ಮಾತ್ರ. ಹಲೋ ಕರೆಯುವವರಿಗೂ ಸರಿ, ಓಗೊಡುವವರಿಗೂ ಸರಿ.

ಹಲೋ ಸರಿಯೋ ಹೆಲೋ ಸರಿಯೋ ಅನ್ನುವ ಚರ್ಚೆಗೆ ಹೆಚ್ಚು ಹೊತ್ತು ಬೇಡ. ಇಂಗ್ಲಿಷಿನಲ್ಲೇ ಮೊದಲ ಸ್ವರ ಅಕಾರ, ಎಕಾರ, ಒಕಾರ ಎಂದು ಅಲೆದಾಡಿದೆ. ನಮ್ಮ ಬಾಯಿಗೆ ಹಲೋ ಬಂದಿದೆ, ಹಾಗೇ ಬರೆಯಿರಿ. ಅದರೊಳಗೆ ನರಕ ಅನ್ನುವ ಅರ್ಥದ ‘ಹೆಲ್’ ಇದೆ, ಆದ್ದರಿಂದ ಹೇಳಬಾರದು ಅನ್ನುವ ವಾದವೂ ಹಳೆಯದೇ. 1997ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಕ್ಲೀಬರ್ಗ್ ಕೌಂಟಿ, ಸ್ವರ್ಗದ ಹೆಸರು ಬರುವ ಹಾಗೆ ‘ಹೆವನ್‌ ಓ’ ಎಂಬುದನ್ನು ಅಧಿಕೃತ ಪದವಾಗಿಯೇ ಘೋಷಿಸಿತ್ತು. ಆ ‘ಹೆಲ್’ಗೂ ಈ ಪದಕ್ಕೂ ಹುಟ್ಟಿನಲ್ಲಿ ಸಂಬಂಧವೇ ಇಲ್ಲ.

ಕೊನೆಗೆ ವಾಟ್ಸಾಪ್. ‘ಹಲೋ ಸರ್’ ಎಂದು ಬರೆದು, ಉತ್ತರ ಬರುವವರೆಗೆ ಸುಮ್ನೆ ಕಾಯುವವರು ದಯವಿಟ್ಟು ಇದನ್ನು ಗಮನಿಸಿ. ಕರೆಯುವ ಕೆಲಸವನ್ನು ಫೋನಿನ ಸದ್ದೇ ಮಾಡಿ ಮುಗಿಸಿರುತ್ತದೆ. ಹಾಗಾಗಿ ಮೊದಲ ಸಾಲಿನಲ್ಲೇ ವಿಷಯ ಬರಲಿ: ‘ನಮಸ್ಕಾರ ಸರ್, ನಾಳೆ ಹತ್ತು ಗಂಟೆಗೆ ಕಾಗದಪತ್ರ ತಂದರೆ ಆಗುತ್ತಾ?’ ಆ ಕಡೆಯವರು ಒಂದೇ ಸಲಕ್ಕೆ ಉತ್ತರ ಕೊಡಬಹುದು.