ಐದು ಸಾವಿರ ಡಾಲರ್ ಕಟ್ಟಿಯೂ ಜಿಮ್ ನೆಲದ ಮೇಲೆ ಮಲಗೋದ್ಯಾಕೆ?

ನಮ್ಮೂರಿನ ಕನ್ನಡ ಸಂಘದ ಸಂಕ್ರಾಂತಿ ಊಟದ ಸಾಲಿನಲ್ಲಿ ಪರಿಚಯದವರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಮಗಳು ಹೈಸ್ಕೂಲ್ ಮಾರ್ಚಿಂಗ್ ಬ್ಯಾಂಡ್‌ನಲ್ಲಿ ಮೆಲೊಫೋನ್ ಅನ್ನೋ ಹಿತ್ತಾಳೆ ವಾದ್ಯ ಊದುತ್ತಾಳೆ, ಈಗ ಒಂದು ಡ್ರಮ್ ಕೋರ್‌ನಲ್ಲಿ ಜಾಗ ಸಿಕ್ಕಿದೆ. ಖುಷಿ ಪಡಬೇಕಾದವರ ಮುಖ ಸಪ್ಪಗಿತ್ತು. "ಸರ್, ಒಂದು ಬೇಸಿಗೆಗೆ ಐದು ಸಾವಿರ ಡಾಲರ್ ಕೇಳ್ತಿದ್ದಾರೆ. ಮಲಗೋದು ನೋಡಿದ್ರೆ ಯಾವುದೋ ಸ್ಕೂಲಿನ ಜಿಮ್, ಅಂದ್ರೆ ಒಳಾಂಗಣ ಆಟದ ಹಾಲ್, ಅದರ ನೆಲದ ಮೇಲಂತೆ. ಈ ದುಡ್ಡೆಲ್ಲ ಎಲ್ಲಿಗೆ ಹೋಗುತ್ತೆ? ನೀವು ಇಂಥವರ ಲೆಕ್ಕ ನೋಡ್ತೀರಲ್ಲ, ಹೇಳಿ."

ನೋಡ್ತೀನಿ, ನಿಜ. ನಾನು ಅಮೆರಿಕದಲ್ಲಿ ಲಾಭಕ್ಕಲ್ಲದೆ ನಡೆಯುವ ಸಂಸ್ಥೆಗಳ ಲೆಕ್ಕಪತ್ರ ಮಾಡುವವನು. ಕೆಲವು ವರ್ಷ ಮಿಡ್‌ವೆಸ್ಟ್‌ನ ಒಂದು ಸಣ್ಣ ಕೋರ್‌ಗೆ ಖಜಾಂಚಿಯೂ ಆಗಿದ್ದೆ. ಸಂಬಳ ಇರಲಿಲ್ಲ, ತಲೆನೋವು ಧಾರಾಳವಾಗಿತ್ತು. ಸಾಲಿನಲ್ಲಿ ನಿಂತು ಅವರಿಗೆ ಅರ್ಧ ಉತ್ತರ ಹೇಳಿದೆ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಕಾಗುಣಿತದಲ್ಲಿ ಕಾರ್ಪ್ಸ್, ಬಾಯಲ್ಲಿ ಕೋರ್. ಹಿತ್ತಾಳೆ ವಾದ್ಯ, ಡ್ರಮ್, ಬಾವುಟ ಬೀಸುವ ಕಲರ್ ಗಾರ್ಡ್, ಇಷ್ಟೂ ಸೇರಿ ಹದಿಹರೆಯದಿಂದ ಇಪ್ಪತ್ತೊಂದರ ತನಕದ ಮಕ್ಕಳ ತಂಡ. ಬೇಸಿಗೆಯಲ್ಲಿ ಊರೂರು ಸುತ್ತಿ, ಮೈದಾನದಲ್ಲಿ ಹೆಜ್ಜೆ ಹಾಕುತ್ತಾ ನುಡಿಸಿ ಸ್ಪರ್ಧಿಸುತ್ತದೆ. ಹಿಂದೆ ಯುದ್ಧದಿಂದ ಮರಳಿದ ಸೈನಿಕರ ಸಂಘಗಳು, ಚರ್ಚುಗಳು ಇವನ್ನು ಸಾಕುತ್ತಿದ್ದವು, ಊರೂರಿಗೂ ಒಂದು ತಂಡ ಇರುತ್ತಿತ್ತು. ಆಮೇಲೆ ತಂಡಗಳೇ ಸೇರಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಕಟ್ಟಿಕೊಂಡವು. ಅದರ ಮೊದಲ ಚಾಂಪಿಯನ್‌ಷಿಪ್ ನಡೆದದ್ದು 1972ರಲ್ಲಿ, ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ. ಈಗ ಫೈನಲ್ ಇಂಡಿಯಾನಾಪೊಲಿಸ್‌ನ ಲ್ಯೂಕಸ್ ಆಯಿಲ್ ಸ್ಟೇಡಿಯಂನಲ್ಲಿ, ಆಗಸ್ಟ್‌ನಲ್ಲಿ. ಅಲ್ಲಿಗೆ ಮುಟ್ಟುವ ಮೊದಲು ದೊಡ್ಡ ತಂಡವೊಂದು ಹತ್ತು ಸಾವಿರ ಮೈಲಿ ರಸ್ತೆ ಸವೆಸಿರುತ್ತದೆ.

ನಾನು ದಕ್ಷಿಣ ಕನ್ನಡದವನು, ಹಾಗಾಗಿ ಇದನ್ನು ಮೊದಲ ಸಲ ಕಂಡಾಗ ಯಕ್ಷಗಾನ ಮೇಳದ ನೆನಪಾಯಿತು. ಲಾರಿ, ಪೆಟ್ಟಿಗೆ, ದಿನಕ್ಕೊಂದು ಊರು, ರಾತ್ರಿ ಆಟ, ಹಗಲು ನಿದ್ದೆ. ಲೆಕ್ಕದ ಪುಸ್ತಕ ತೆರೆದ ಮೇಲೆ ಹೋಲಿಕೆ ಮುಗಿಯಿತು. ಹರಕೆ ಆಟ ಆಡಿಸುವವರು ಆಟದ ಖರ್ಚು ಕೊಡುತ್ತಾರೆ, ಕಟೀಲು ಮೇಳದ ಆಟಕ್ಕಂತೂ ಜನ ವರ್ಷಗಟ್ಟಲೆ ಮೊದಲೇ ಹೆಸರು ಬರೆಸಿ ಕಾಯುತ್ತಾರೆ, ವೇಷಧಾರಿಗೆ ಸಂಬಳ ಇದೆ. ಇಲ್ಲಿ ತಿರುಗುಮುರುಗು. ಕುಣಿಯುವ ಮಗುವೇ ದುಡ್ಡು ಕೊಡಬೇಕು. ಟಿಕೆಟ್ ಮಾರಾಟದ ಪಾಲು ಬರುತ್ತದೆ, ಟಿ-ಷರ್ಟ್ ಮಾರಿದ್ದು ಬರುತ್ತದೆ, ಆದರೆ ಪ್ರವಾಸದ ಖರ್ಚಿಗೆ ಹೋಲಿಸಿದರೆ ಅದು ಉಪ್ಪಿನಕಾಯಿ ಅಷ್ಟೆ. ಗೆದ್ದರೂ ಹೆಚ್ಚೇನೂ ಬದಲಾಗಲ್ಲ.

ಈಗ ಬಸ್ಸಿನ ಲೆಕ್ಕಕ್ಕೆ ಬರೋಣ. ಇಡೀ ಕಥೆ ಇರೋದೇ ಅಲ್ಲಿ. ದೊಡ್ಡ ದರ್ಜೆಯ ತಂಡದಲ್ಲಿ ಈಗ 165 ಮಕ್ಕಳ ತನಕ ಇರಬಹುದು. ಐವತ್ತಾರು ಸೀಟಿನ ಬಸ್ಸು ಅಂದುಕೊಳ್ಳಿ, ಮೂರು ಬಸ್ಸು ತುಂಬಿತು. ಕಲಿಸುವವರಿಗೆ, ಸ್ವಯಂಸೇವಕರಿಗೆ ಇನ್ನೊಂದು. ವಾದ್ಯ, ಪ್ರಾಪ್ಸ್ (ಮೈದಾನದಲ್ಲಿ ಇಡುವ ರಂಗಸಾಮಗ್ರಿ) ಹೊರುವ ಟ್ರಕ್ಕು, ಅಡುಗೆಮನೆಯ ಟ್ರಕ್ಕು. ಆರು ದೊಡ್ಡ ಗಾಡಿ ಆಯಿತು. ಇವು ಗ್ಯಾಲನ್‌ಗೆ ಆರು ಮೈಲಿ ಕೊಟ್ಟರೆ ಹೆಚ್ಚು. ಹತ್ತು ಸಾವಿರ ಮೈಲಿಗೆ ಆರು ಗಾಡಿ ಕುಡಿಯುವುದು ಹತ್ತಿರ ಹತ್ತಿರ ಹತ್ತು ಸಾವಿರ ಗ್ಯಾಲನ್. 2021ರ ಜೂನ್‌ನಲ್ಲಿ ಡೀಸೆಲ್ ಗ್ಯಾಲನ್‌ಗೆ 3 ಡಾಲರ್ 30 ಸೆಂಟ್ ಆಸುಪಾಸು ಇತ್ತು, 2022ರ ಜೂನ್‌ನಲ್ಲಿ 5 ಡಾಲರ್ 75 ಸೆಂಟ್. ಅಂದರೆ ಒಂದೇ ವರ್ಷದಲ್ಲಿ, ಒಂದು ಮೈಲಿಯೂ ಜಾಸ್ತಿ ಓಡದೆ, ಇಪ್ಪತ್ನಾಲ್ಕು ಸಾವಿರ ಡಾಲರ್ ಹೆಚ್ಚುವರಿ. ಫೀಸು ಎಷ್ಟು ಅಂತ ಹಿಂದಿನ ಚಳಿಗಾಲದಲ್ಲೇ ಗೊತ್ತು ಮಾಡಿ ಆಗಿರುತ್ತದೆ. ಜೂನ್‌ನಲ್ಲಿ ಅಪ್ಪ-ಅಮ್ಮಂದಿರಿಗೆ ಫೋನ್ ಮಾಡಿ ನೂರೈವತ್ತು ಡಾಲರ್ ಜಾಸ್ತಿ ಕಳಿಸಿ ಅನ್ನೋಕಾಗುತ್ತಾ?

ಚಾಲಕರದ್ದು ಇನ್ನೊಂದು ಕಥೆ. ಇಲ್ಲಿನ ಕಾನೂನಿನಂತೆ ಬಸ್ ಚಾಲಕ ಎಂಟು ಗಂಟೆ ಬಿಡುವಿನ ನಂತರ ಹತ್ತು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಷೋ ಮುಗಿಯುವಾಗ ರಾತ್ರಿ ಹನ್ನೊಂದು, ಊಟ ಮಾಡಿ ಪೆಟ್ಟಿಗೆ ತುಂಬಿ ಹೊರಡುವಾಗ ಒಂದು ಗಂಟೆ, ಮುಂದಿನ ಊರು ಆರುನೂರು ಮೈಲಿ ಆಚೆ. ಒಬ್ಬನಿಂದ ಆಗದ ದಾರಿ. ಮಧ್ಯದಲ್ಲೆಲ್ಲೋ ಇನ್ನೊಬ್ಬ ಚಾಲಕ ಹತ್ತಬೇಕು, ಅವನನ್ನು ಅಲ್ಲಿಗೆ ಮೊದಲೇ ಕಳಿಸಿರಬೇಕು, ಹಗಲು ನಿದ್ದೆ ಮಾಡೋಕೆ ಹೋಟೆಲ್ ರೂಮು ಕೊಡಿಸಿರಬೇಕು. ಮಕ್ಕಳು ಜಿಮ್ ನೆಲದ ಮೇಲೆ ಗಾಳಿ ತುಂಬಿದ ಹಾಸಿಗೆಯಲ್ಲಿ, ಚಾಲಕ ಹೋಟೆಲ್ ಮಂಚದ ಮೇಲೆ. ಅದು ಹಾಗೇ ಇರಬೇಕು. ಈ ಖರ್ಚಿನಲ್ಲಿ ಜುಗ್ಗತನ ಮಾಡುವ ತಂಡಕ್ಕೆ ನಾನಂತೂ ನನ್ನ ಮಗುವನ್ನು ಕಳಿಸಲ್ಲ.

ಊಟ ದಿನಕ್ಕೆ ನಾಲ್ಕು ಸಲ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ಷೋ ಆದಮೇಲೆ ಒಂದು. ಎಲ್ಲರೂ ಸೇರಿ ಇನ್ನೂರು ಜನ ಅಂದರೆ ದಿನಕ್ಕೆ ಎಂಟುನೂರು ತಟ್ಟೆ. ತಟ್ಟೆಗೆ ಮೂರೇ ಡಾಲರ್ ಹಿಡಿಯಿರಿ, ಅದು ಬಿಗಿ ಕೈಯ ಲೆಕ್ಕವೇ, ದಿನಕ್ಕೆ 2,400. ಮೇ ಕೊನೆಯಿಂದ ಆಗಸ್ಟ್ ನಡುವಿನ ತನಕ ಎಂಬತ್ತು ದಿನಕ್ಕೆ 1,92,000 ಡಾಲರ್. ಅಡುಗೆಗೆ ನಿಲ್ಲುವವರು ಬಹುಪಾಲು ಮಕ್ಕಳ ಅಪ್ಪ-ಅಮ್ಮಂದಿರು, ರಜೆ ಹಾಕಿ ಬಂದವರು. ಅವರಿಗೂ ಸಂಬಳ ಕೊಡಬೇಕಾಗಿದ್ದರೆ ಈ ಆಟ ಎಂದೋ ನಿಂತಿರುತ್ತಿತ್ತು.

ಈಗ ನಾನು ಯಾವಾಗಲೂ ಹೇಳುವ, ಯಾರೂ ಮನಸ್ಸಿಗೆ ಹಾಕಿಕೊಳ್ಳದ ವಿಷಯ. ಒಂದು ಜಾಗ ಖಾಲಿ ಉಳಿದರೆ ನಷ್ಟ ಎಷ್ಟು? ಐದು ಸಾವಿರ ಫೀಸು ಹೋಯಿತು. ಉಳಿದದ್ದು ಆ ಮಗುವಿನ ಊಟದ ದುಡ್ಡು, ಸುಮಾರು 960 ಡಾಲರ್. ಬಸ್ಸು ಹೇಗೂ ಹೋಗುತ್ತೆ, ಡೀಸೆಲ್ ಅಷ್ಟೇ, ಕಲಿಸುವವರು ಅಷ್ಟೇ, ಜಿಮ್ ಬಾಡಿಗೆ ಅಷ್ಟೇ. ನಾಲ್ಕು ಸಾವಿರದ ತೂತು. ಮೇ ತಿಂಗಳಲ್ಲಿ ಹತ್ತು ಮಕ್ಕಳು ಕೈಕೊಟ್ಟರೆ ನಲವತ್ತು ಸಾವಿರ. ಮೈದಾನದಲ್ಲಿ ಆ ತೂತು ಕಾಣಬಾರದು ಅಂತ ಕೊನೆಗಳಿಗೆಯಲ್ಲಿ ಅರ್ಧ ಫೀಸಿಗೆ ಯಾರನ್ನಾದರೂ ಸೇರಿಸಿಕೊಳ್ಳುತ್ತಾರೆ. ಲೆಕ್ಕ ಹಾಕಿದರೆ ಅದೂ ಸರಿಯೇ, ಪೂರ್ತಿ ಕಟ್ಟಿದವರ ಅಪ್ಪ-ಅಮ್ಮನಿಗೆ ಗೊತ್ತಾಗಬಾರದು ಅಷ್ಟೆ.

ವಾದ್ಯದ ವಿಷಯದಲ್ಲಿ ಮಾತ್ರ ಒಂದಿಷ್ಟು ಜಾಣತನ ನಡೆಯುತ್ತೆ. ತಯಾರಕರಿಂದ ರಿಯಾಯಿತಿಯಲ್ಲಿ ಹೊಸ ವಾದ್ಯ ತಗೊಂಡು, ಒಂದು ಬೇಸಿಗೆ ಬಳಸಿ, ಹೈಸ್ಕೂಲ್‌ಗಳಿಗೆ ಮಾರಿಬಿಡುತ್ತಾರೆ. ಸಂಗೀತದ ಹಕ್ಕು ಬೇರೆ ಖರ್ಚು. ಬೇರೆಯವರ ಹಾಡನ್ನು ತಮ್ಮ ತಂಡಕ್ಕೆ ಒಗ್ಗಿಸಿ ಬರೆಯೋಕೂ ಅನುಮತಿ ಬೇಕು, ಅದಕ್ಕೂ ದುಡ್ಡು, ವಿಡಿಯೋ ಮಾರೋದಾದರೆ ಅದಕ್ಕೆ ಬೇರೆ ಅನುಮತಿ.

ಖರ್ಚು ದೊಡ್ಡದು ಅನ್ನೋದು ಎಲ್ಲರಿಗೂ ಗೊತ್ತಿರುತ್ತೆ. ತಂಡಗಳನ್ನು ಮುಳುಗಿಸೋದು ಹೆಚ್ಚಾಗಿ ದುಡ್ಡು ಬರುವ ತಿಂಗಳು ಮತ್ತು ಹೋಗುವ ತಿಂಗಳು ಬೇರೆ ಆಗಿರೋದು. ಫೀಸಿನ ಕಂತುಗಳು ಚಳಿಗಾಲದಿಂದ ಮೇ ತನಕ ಬರುತ್ತವೆ. ಏಪ್ರಿಲ್‌ನಲ್ಲಿ ಬ್ಯಾಂಕ್ ಖಾತೆ ನೋಡಿದರೆ ಕಣ್ಣು ತಂಪಾಗುತ್ತದೆ. ಆ ದುಡ್ಡು ನಿಮ್ಮದಲ್ಲ. ಇನ್ನೂ ಓಡದ ಬಸ್ಸಿನದು, ಇನ್ನೂ ಬೇಯದ ಅನ್ನದ್ದು. ಲೆಕ್ಕದ ಪುಸ್ತಕದಲ್ಲಿ ಅದನ್ನು ಸಾಲದ ಪಕ್ಕಕ್ಕೇ ಬರೆಯಬೇಕು.

ನಮ್ಮ ತಂಡದಲ್ಲಿ ಒಂದು ವರ್ಷ ಇದೇ ಆಯಿತು. ಏಪ್ರಿಲ್ ಮೀಟಿಂಗ್‌ನಲ್ಲಿ ವಿನ್ಯಾಸದವರು ಹೊಸ ಪ್ರಾಪ್ಸ್ ಚಿತ್ರ ತೋರಿಸಿದರು, ಚೆನ್ನಾಗಿತ್ತು, ಖಾತೆಯಲ್ಲಿ ದುಡ್ಡೂ ಕಾಣ್ತಿತ್ತು, ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ, ಅದನ್ನು ಮುಚ್ಚಿಡಲ್ಲ. ಜುಲೈ ಮೂರನೇ ವಾರ ಒಕ್ಲಹೋಮದ ಹೆದ್ದಾರಿ ಪಕ್ಕದಲ್ಲಿ ನಮ್ಮ ಒಂದು ಬಸ್ಸಿನ ಎ.ಸಿ. ಸತ್ತಿತು. ಹೊರಗೆ ನೂರ ನಾಲ್ಕು ಡಿಗ್ರಿ ಫ್ಯಾರನ್‌ಹೀಟ್, ಒಳಗೆ ಐವತ್ತು ಮಕ್ಕಳು. ಬದಲಿ ಬಸ್ಸು ತರಿಸಲೇಬೇಕು, ತರಿಸಿದೆವು. ಆ ವಾರ ಅಡುಗೆ ಟ್ರಕ್ಕಿನಿಂದ ಫೋನು: "ತಂಡದ ಕಾರ್ಡ್ ತಗೋತಾ ಇಲ್ಲ, ಮುನ್ನೂರು ಮೊಟ್ಟೆ, ನಲವತ್ತು ಪೌಂಡ್ ಪಾಸ್ತಾ ಕೌಂಟರ್ ಮೇಲಿದೆ, ಹಿಂದೆ ಜನ ನಿಂತಿದ್ದಾರೆ." ನನ್ನ ಸ್ವಂತ ಕಾರ್ಡ್ ನಂಬರ್ ಫೋನಿನಲ್ಲೇ ಓದಿ ಹೇಳಿದೆ. ಸೀಸನ್ ಮುಗಿಯುವಷ್ಟರಲ್ಲಿ ಹಾಗೆ ನಾಲ್ಕು ಸಾವಿರ ಆಗಿತ್ತು. ವಾಪಸ್ ಬಂದದ್ದು ಮುಂದಿನ ವರ್ಷದ ಮಕ್ಕಳ ಮೊದಲ ಕಂತಿನಿಂದ. ಅದೇ ನೋಡಿ ರೋಗ. ಈ ವರ್ಷದ ಮೊಟ್ಟೆಗೆ ಮುಂದಿನ ವರ್ಷದ ಮಗು ದುಡ್ಡು ಕೊಟ್ಟಿತು.

ಹಾಗಾದರೆ ದಶಕಗಟ್ಟಲೆ ಬಾಳಿದ ತಂಡಗಳು ಹೇಗೆ ಬಾಳಿದವು? ಸಂಗೀತದಿಂದಲ್ಲ. ಊರಿನಲ್ಲಿ, ವರ್ಷವಿಡೀ, ಮೈದಾನಕ್ಕೆ ಸಂಬಂಧವೇ ಇಲ್ಲದ ಏನೋ ಒಂದು ನಡೆಸುತ್ತಾ. ಬಿಂಗೋ ಅದರಲ್ಲಿ ದೊಡ್ಡದು. ನಮ್ಮ ಕ್ಲಬ್ಬುಗಳಲ್ಲಿ ತಂಬೋಲ, ಹೌಸಿ-ಹೌಸಿ ಅಂತೀವಲ್ಲ, ಅದೇ. ಕ್ಯಾಲಿಫೋರ್ನಿಯಾದ ಬ್ಲೂ ಡೆವಿಲ್ಸ್, ಸಾಂಟಾ ಕ್ಲಾರಾ ವ್ಯಾನ್‌ಗಾರ್ಡ್ ತಂಡಗಳನ್ನು ಸಾಕಿದ್ದು ಬಹುಮಟ್ಟಿಗೆ ಬಿಂಗೋ ರಾತ್ರಿಗಳೇ. ಸುಲಭದ ದುಡ್ಡು ಅಂದುಕೊಳ್ಳಬೇಡಿ. ಆ ರಾಜ್ಯದಲ್ಲಿ ಒಂದು ಆಟದ ಬಹುಮಾನ 500 ಡಾಲರ್ ಮೀರುವಂತಿಲ್ಲ, ಆಟ ನಡೆಸುವವರಿಗೆ ಆ ದುಡ್ಡಿನಿಂದ ಸಂಬಳ ಕೊಡುವಂತಿಲ್ಲ. ಸೀಟಿ ಊದದೆ, ಡ್ರಮ್ ಬಾರಿಸದೆ, ವಾರದ ರಾತ್ರಿ ಹೊತ್ತು ಹಾಲ್‌ನಲ್ಲಿ ಕೂತು ನಂಬರ್ ಕೂಗುವ ಸ್ವಯಂಸೇವಕರು ಬೇಕು. ಆದರೆ ಕಾನೂನುಬದ್ಧವಾಗಿ ನಡೆಸಿದರೆ ಆ ಆದಾಯಕ್ಕೆ ಫೆಡರಲ್ ತೆರಿಗೆಯ ಕಾಟ ಸಾಮಾನ್ಯವಾಗಿ ಇರಲ್ಲ. ಡೀಸೆಲ್ ಏರಿದರೂ ಬರುತ್ತೆ, ಮಗು ಬಿಟ್ಟುಹೋದರೂ ಬರುತ್ತೆ.

ಒಂದೇ ಕಂಬದ ಮೇಲೆ ಮನೆ ಕಟ್ಟಿದರೆ ಮಾತ್ರ ಕಷ್ಟ. ಕೋವಿಡ್‌ನಲ್ಲಿ 2020ರ ಸೀಸನ್ನೇ ರದ್ದಾಯಿತು, ಬಿಂಗೋ ಹಾಲ್‌ಗಳೂ ಮುಚ್ಚಿದವು. ಊರಿನ ಆದಾಯ, ರಸ್ತೆಯ ಆದಾಯ ಎರಡೂ ಒಟ್ಟಿಗೇ ಹೋದವು. 2018ರಲ್ಲಿ ಚಾಂಪಿಯನ್ ಆಗಿದ್ದ ವ್ಯಾನ್‌ಗಾರ್ಡ್ ಹಣದ ಕಾರಣ ಹೇಳಿ 2023ರ ಬೇಸಿಗೆ ರಸ್ತೆಗಿಳಿಯಲೇ ಇಲ್ಲ. ಆಗ ಬಹಳ ಜನ ಬೈದರು. ನಾನು ಮೆಚ್ಚಿಕೊಂಡೆ. ಅರ್ಧ ಪ್ರವಾಸದಲ್ಲಿ ಮಕ್ಕಳನ್ನು ನಡುದಾರಿಯಲ್ಲಿ ಬಿಡುವುದಕ್ಕಿಂತ ಹೊರಡುವ ಮೊದಲೇ ಆಗಲ್ಲ ಅನ್ನೋದು ಮೇಲು. 2024ರಲ್ಲಿ ತಂಡ ವಾಪಸ್ ಬಂತು.

ಅದೇ 2024ರಲ್ಲಿ ಕೆಡೆಟ್ಸ್ ಬಾಗಿಲು ಹಾಕಿತು. ನ್ಯೂಜೆರ್ಸಿಯಲ್ಲಿ 1934ರಲ್ಲಿ ಹುಟ್ಟಿದ, ಹತ್ತು ಸಲ ಗೆದ್ದ ತಂಡ. ಹಣದ ಮುಗ್ಗಟ್ಟಿನ ಜೊತೆಗೆ 1980ರ ದಶಕದ ಪ್ರಕರಣವೊಂದರ ಮೊಕದ್ದಮೆಯೂ ತಲೆ ಮೇಲೆ ಬಿತ್ತು. ಇಂಥ ವಿಷಯದಲ್ಲಿ ನೊಂದವರು ಎಷ್ಟು ವರ್ಷದ ನಂತರ ಬಂದರೂ ಕೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಲೆಕ್ಕದವನಾಗಿ ನಾನು ಆಡಳಿತ ಮಂಡಳಿಗಳಿಗೆ ಹೇಳೋದು ಒಂದೇ: ಹಳೇ ವಿಮೆ ಪಾಲಿಸಿ ಕಾಗದ ಯಾವತ್ತೂ ಬಿಸಾಡಬೇಡಿ. ನಲವತ್ತು ವರ್ಷದ ಹಿಂದಿನ ಘಟನೆಗೆ ಹಣ ಕೊಡಬೇಕಾದ್ದು ಎಷ್ಟೋ ಸಲ ನಲವತ್ತು ವರ್ಷದ ಹಿಂದಿನ ಪಾಲಿಸಿ. ಅದು ಯಾರದೋ ಗ್ಯಾರೇಜಿನ ರಟ್ಟಿನ ಪೆಟ್ಟಿಗೆಯಲ್ಲಿ ನೆನೆದು ಮುದ್ದೆಯಾಗಿದ್ದರೆ, ಇವತ್ತಿನ ಮಕ್ಕಳ ಫೀಸಿಗೇ ಬರುತ್ತೆ.

ಇನ್ನು ನಮ್ಮವರಿಗೇ ಹೇಳಬೇಕಾದ ಒಂದು. ಸಂಕ್ರಾಂತಿ ದಿನ ಆ ಪರಿಚಯದವರೂ ಕೇಳಿದರು: "ನಮ್ಮ ಕಂಪನಿ ಡೊನೇಷನ್ ಮ್ಯಾಚ್ ಮಾಡುತ್ತೆ ಸರ್. ಎರಡೂವರೆ ಸಾವಿರ ನಾನು ಕೊಡ್ತೀನಿ, ಇನ್ನೆರಡೂವರೆ ಕಂಪನಿಯಿಂದ ಬರುತ್ತೆ. ಮಗಳ ಫೀಸಿಗೆ ಜಮಾ ಮಾಡ್ಕೊಳ್ಳಿ ಅಂದ್ರೆ ಆಯ್ತಲ್ಲ?" ಆಗಲ್ಲ. ಫೀಸು ದಾನ ಅಲ್ಲ, ಅದಕ್ಕೆ ಬದಲಾಗಿ ಮಗಳಿಗೆ ಊಟ, ಪಾಠ, ಪ್ರವಾಸ ಸಿಗುತ್ತಿದೆ. ತೆರಿಗೆ ವಿನಾಯಿತಿಯೂ ಇಲ್ಲ, ಮ್ಯಾಚಿಂಗೂ ಇಲ್ಲ. ಅಪ್ಪ-ಅಮ್ಮಂದಿರು ಚಾಕೊಲೇಟ್ ಮಾರಿ ಎತ್ತಿದ ದುಡ್ಡನ್ನು ಅವರವರ ಮಗುವಿನ ಹೆಸರಿಗೇ ಜಮಾ ಮಾಡುವ ಪದ್ಧತಿಯೂ ಅಪಾಯ. ವರ್ಜೀನಿಯಾದ ಜಿಮ್ನಾಸ್ಟಿಕ್ಸ್ ಪೋಷಕರ ಕ್ಲಬ್ಬೊಂದು ಹೀಗೆ ಮಾಡಿದ್ದಕ್ಕೆ ತೆರಿಗೆ ಇಲಾಖೆ ಅದರ ವಿನಾಯಿತಿಯನ್ನೇ ಕಿತ್ತುಕೊಂಡಿತು, 2013ರಲ್ಲಿ ತೆರಿಗೆ ಕೋರ್ಟು ಅದು ಸರಿ ಅಂದಿತು. ಎಲ್ಲರಿಗಾಗಿ ಎತ್ತಿದ್ದು ಎಲ್ಲರಿಗೂ ಹೋಗಬೇಕು. ಅವರಿಗೆ ಸ್ವಲ್ಪ ಬೇಜಾರಾಯಿತು, ಪೊಂಗಲ್ ಎರಡನೇ ಸಲ ಬಡಿಸಿಕೊಂಡು ಸುಮ್ನಾದರು.

ಹೊರಡುವಾಗ ಒಂದು ಕೆಲಸ ಹೇಳಿದೆ. ಇಂಥ ಸಂಸ್ಥೆಗಳು ತೆರಿಗೆ ಇಲಾಖೆಗೆ ಕೊಡುವ ಫಾರ್ಮ್ 990 ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಮೊದಲ ಪುಟದ ಕೆಳಗೆ, 22ನೇ ಸಾಲು. ಸಾಲವೆಲ್ಲ ಕಳೆದ ಮೇಲೆ ಸಂಸ್ಥೆಯ ಹತ್ತಿರ ಎಷ್ಟು ಉಳಿದಿದೆ ಅನ್ನೋದು ಅಲ್ಲಿರುತ್ತೆ, ಎಡಕ್ಕೆ ವರ್ಷದ ಶುರುವಿನದು, ಬಲಕ್ಕೆ ಕೊನೆಯದು. ಮುಂದಿನ ಕಂತು ಕಟ್ಟುವ ಮೊದಲು ಮೂರು ವರ್ಷದ್ದು ನೋಡಿ ಅಂದೆ.

ಅವತ್ತೇ ರಾತ್ರಿ ಹತ್ತೂವರೆಗೆ ಫೋಟೋ ತೆಗೆದು ಕಳಿಸಿದರು. "ಸಿಕ್ತು ಸರ್. ಬಲಗಡೆ ಅಂಕಿ ಮುಂದೆ ಒಂದು ಸಣ್ಣ ಗೀಟು ಇದೆಯಲ್ಲ, ಅದು ಪ್ರಿಂಟಿಂಗ್ ತಪ್ಪಾ?"

ಟೈಪ್ ಮಾಡೋದು ಬಿಟ್ಟು ಅವರಿಗೆ ಫೋನೇ ಮಾಡಿದೆ.